ಕೊರಳಲ್ಲಿ ನಂಬರಿರುವ ನೆಂಟ

ಮೈಸೂರು ಮತ್ತು ನಂಜನಗೂಡಿನ ನಡುವೆ ಸಿಗುವ ಹದಿನಾರು ಗ್ರಾಮಕ್ಕೆ ದೂರದ ನೆಂಟರು ಹೊಸಬರಲ್ಲ. ದ್ವಾರಕೆಯಿಂದ ಬಂದ ಯದುರಾಯ ಇಲ್ಲಿನ ರಾಜಕುಮಾರಿಯ ಕೈಹಿಡಿದು, 1399ರಲ್ಲಿ ಒಡೆಯರ ವಂಶಕ್ಕೆ ಬುನಾದಿ ಹಾಕಿದ ಎಂಬುದು ಐತಿಹ್ಯ. ಚಳಿಗಾಲದಲ್ಲಿ ಇಲ್ಲಿನ ಕೆರೆಗಿಳಿಯುವ ಪಟ್ಟೆತಲೆ ಹೆಬ್ಬಾತುಗಳಿಗೆ ಹಾಗೆ ನೆಲೆಯೂರುವ ಇರಾದೆಯೇನೂ ಇಲ್ಲ. ಹಗಲು ನೀರಂಚಿನಲ್ಲಿ ತೂಕಡಿಸಿ, ಹೊತ್ತಿಳಿದ ಮೇಲೆ ಹೊಲ ಮೇಯ್ದು, ಬಿಸಿಲೇರುವ ಕಾಲಕ್ಕೆ ಉತ್ತರಕ್ಕೆ ಹೊರಟುಬಿಡುತ್ತವೆ.

ಹಿಂಡು ಅಪರೂಪವಲ್ಲ. ನಾನು ಹುಡುಕುವುದು ಹಿಂಡಿನೊಳಗೆ ಎಲ್ಲೋ ಇರುವ, ಕೊರಳಿಗೆ ಹಸಿರು ಪ್ಲಾಸ್ಟಿಕ್ ಪಟ್ಟಿ ತೊಟ್ಟ ಹಕ್ಕಿಯನ್ನು. ಆ ಪಟ್ಟಿ ಮಂಗೋಲಿಯಾದ್ದು. ಬೇಸಿಗೆಯಲ್ಲಿ ಹೆಬ್ಬಾತುಗಳ ಹಾರುಗರಿಗಳೆಲ್ಲ ಒಟ್ಟಿಗೇ ಉದುರಿ, ಹೊಸವು ಬರುವತನಕ ಅವು ಹಾರಲಾರವು. ಅಲ್ಲಿನ ಸಂಶೋಧಕರು ಆ ಸಮಯ ನೋಡಿ ಅವನ್ನು ಅಟ್ಟಿಕೊಂಡು ಬಂದು ಬಲೆಗೆ ಸೇರಿಸಿ, ಪಟ್ಟಿ ತೊಡಿಸಿ ಬಿಡುತ್ತಾರೆ. ನಮ್ಮಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳ ಕಾಲಿಗೆ ಲೋಹದ ಉಂಗುರ ತೊಡಿಸುತ್ತ ಬಂದು ತೊಂಬತ್ತು ವರ್ಷಗಳೇ ಕಳೆದಿವೆ. ಆದರೆ ಉಂಗುರದ ಸಣ್ಣ ಅಕ್ಷರ ಓದಬೇಕಾದರೆ ಹಕ್ಕಿ ಕೈಗೇ ಸಿಗಬೇಕು, ಎಷ್ಟೋ ಸಲ ಸತ್ತು. ಕೊರಳಪಟ್ಟಿಗಾದರೆ ಒಳ್ಳೆಯ ಲೆನ್ಸ್ ಸಾಕು.

ಬ್ಯಾಂಕಿನಲ್ಲಿ ಚೆಕ್ಕುಗಳ ನಂಬರು ತಾಳೆ ನೋಡುತ್ತಲೇ ನಿವೃತ್ತನಾದವನು ನಾನು. “ಈಗಲೂ ನಿಮಗೆ ಅದೇ ಕೆಲಸ ನೋಡಿ, ಪಗಾರ ಮಾತ್ರ ಇಲ್ಲ” ಅನ್ನುತ್ತಾಳೆ ಹೆಂಡತಿ. ಫೋಟೊಗ್ರಫಿಯ ಗೆಳೆಯರೊಬ್ಬರಿಗಂತೂ ಆ ಪಟ್ಟಿ ಕಂಡರಾಗದು. ಚಿತ್ರ ಕೆಡುತ್ತದೆಂದು ಕಂಪ್ಯೂಟರಿನಲ್ಲಿ ಒರೆಸಿಹಾಕಿ ಸ್ಪರ್ಧೆಗೆ ಕಳಿಸಿದರು. ಬಹುಮಾನವೂ ಬಂತೆನ್ನಿ. ಹಕ್ಕಿಯ ವಿಳಾಸ ಅಳಿಸಿ ಪಡೆದ ಬಹುಮಾನ ಎಂದು ನನಗೆ ಇವತ್ತಿಗೂ ಸಿಟ್ಟಿದೆ.

ಈ ಹಕ್ಕಿಯ ಸುತ್ತ ದಂತಕಥೆಗಳಿಗೆ ಬರವಿಲ್ಲ. 1954ರಲ್ಲಿ ಮಕಾಲು ಪರ್ವತದ ತಪ್ಪಲಿನ ಹಿಮನದಿಯ ಪಕ್ಕದಲ್ಲಿ ನಿಂತಿದ್ದ ಲಾರೆನ್ಸ್ ಸ್ವಾನ್ ಎಂಬ ಜೀವವಿಜ್ಞಾನಿಗೆ ರಾತ್ರಿಯ ಕತ್ತಲಲ್ಲಿ, ತಲೆಯ ಮೇಲೆ ಬಲು ಎತ್ತರದಲ್ಲಿ ಇವುಗಳ ಕೂಗು ಕೇಳಿಸಿತ್ತು. ಎವರೆಸ್ಟನ್ನೇ ದಾಟುತ್ತವೆ ಎಂಬ ಮಾತೂ ಬೆಳೆಯಿತು. ಮುಂದೆ ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಅದೂ ಆಗೊಮ್ಮೆ ಈಗೊಮ್ಮೆ. ಉಳಿದಂತೆ ಕಣಿವೆ ಸಿಕ್ಕರೆ ಇಳಿದು, ಗುಡ್ಡ ಬಂದರೆ ಏರಿ, ನೆಲಕ್ಕೆ ಅಂಟಿಕೊಂಡೇ ಸಾಗುತ್ತವೆ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ಜಾಸ್ತಿ, ಇಳಿದು ಏರುವುದೇ ಲಾಭ. ದಂತಕಥೆಗಿಂತ ಈ ಜಿಪುಣತನವೇ ನನಗೆ ಇಷ್ಟ.

ಪಟ್ಟಿಯ ಹಕ್ಕಿ ಕೊನೆಗೂ ಸಿಕ್ಕಿದಾಗ ಅದು ಒಂಟಿಗಾಲಲ್ಲಿ, ಕತ್ತು ಹಿಂದೆ ತಿರುಗಿಸಿ ರೆಕ್ಕೆಯೊಳಗೆ ಕೊಕ್ಕಿಟ್ಟು ನಿದ್ದೆ ಹೊಡೆಯುತ್ತಿತ್ತು. ಹಸಿರು ಅಂಚಷ್ಟೇ ಕಾಣುತ್ತಿತ್ತು. ಸೆಳೆವ ಎಂಬ ಬೇಟೆಹಕ್ಕಿಯೊಂದು ಕೆರೆಯ ಮೇಲೆ ತೇಲಿ ಬಂದದ್ದೇ ತಡ, ಹಿಂಡಿನ ಕತ್ತುಗಳೆಲ್ಲ ನೆಟ್ಟಗಾದವು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೀಟು, ಹಳದಿ ಕೊಕ್ಕಿನ ತುದಿಗೆ ಕಪ್ಪು ಚುಕ್ಕೆ, ಕೆಳಗೆ ಪಟ್ಟಿ. ಬಿಸಿಲಿನ ಝಳಕ್ಕೆ ಅಕ್ಷರಗಳು ನಡುಗುತ್ತಿದ್ದವು. ಕೊನೆಯ ಅಂಕಿಗೆ ಕೆಸರು ಮೆತ್ತಿ ಮೂರೋ ಎಂಟೋ ತಿಳಿಯದು. ಕ್ಯಾಮೆರಾ ಒಂದೇ ಸಮನೆ ಹೊಡೆಯುತ್ತಿದ್ದಂತೆ ಹಕ್ಕಿ ಕತ್ತು ತಿರುಗಿಸಿತು. ಅದೇ ಅಂಕಿ ಪಟ್ಟಿಯ ಆ ಮಗ್ಗುಲಲ್ಲೂ ಇತ್ತು. ಎಂಟು.

ಏರಿಯ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದ ರೈತರಿಗೆ ಕ್ಯಾಮೆರಾ ಪರದೆ ತೋರಿಸಿದೆ. ನಾಲ್ಕು ಸಾವಿರ ಕಿಲೋಮೀಟರಿಗೂ ಆಚೆಯಿಂದ ಬಂದಿದೆ, ನಂಬರು ಬರೆದು ಕಳಿಸಿದರೆ ಎಲ್ಲಿ, ಯಾವಾಗ ಹಿಡಿದಿದ್ದರು ಎಂಬುದೆಲ್ಲ ಗೊತ್ತಾಗುತ್ತದೆ ಎಂದು ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

“ನಂಬರ್ ಅದೆ ಅಂದ್ಮೇಲೆ ಒಳ್ಳೇದೇ ಆಯ್ತು ಬುಡಿ ಸ್ವಾಮಿ. ರಾತ್ರಿ ನಮ್ ಹುರ್ಳಿ ಹೊಲ ಮೇದಿದ್ದು ಇವೇಯ. ಬರೆಯೋವಾಗ ಅದನ್ನೂವೆ ಬರ‍್ದುಬುಡಿ.”