ಇದು ಯಾವ ಊರು? ಕಲ್ಲನ್ನು ಕೇಳಿ, ಸೆರಗನ್ನು ಕೇಳಿ

ಸಿನಿಮಾ ಶುರುವಾಗಿ ಹೆಸರುಗಳು ಇನ್ನೂ ಮುಗಿದಿರುವುದಿಲ್ಲ, ಮನೆಯ ಹುಡುಗರಲ್ಲಿ ವಾದ ಹತ್ತಿಕೊಂಡಿರುತ್ತದೆ. ‘ಈ ಗುಡ್ಡ ಹಂಪಿಯದು.’ ‘ಹಂಪಿ ಅಲ್ಲೋ, ಬಾದಾಮಿ!’ ಸೂಪರ್ ಹೀರೋ ಚಿತ್ರವಾದರಂತೂ ಕೇಳುವುದೇ ಬೇಡ. ಹೀರೋ ಆಕಾಶದಿಂದ ಇಳಿಯುವ ಮೊದಲ ದೃಶ್ಯವನ್ನೇ ನಿಲ್ಲಿಸಿ ನಿಲ್ಲಿಸಿ, ಹಿಂದಿನ ಗೋಡೆ, ಗಿಡ, ಅಂಗಡಿ ಬೋರ್ಡು ಎಲ್ಲವನ್ನೂ ಅಕ್ಕಿ ಆರಿಸಿದಂತೆ ಆರಿಸುತ್ತಾರೆ.

ಸಿನಿಮಾದವರು ಕಣ್ಣುಕಟ್ಟುವುದರಲ್ಲಿ ಜಾಣರು. 1975ರ ‘ಶೋಲೆ’ಯನ್ನೇ ನೋಡಿ. ಮೊದಲಲ್ಲೇ ರೈಲಿಳಿದ ಅಧಿಕಾರಿ ಕುದುರೆ ಏರಿ ಬಂಡೆಗಳ ನಡುವೆ ‘ರಾಮಗಢ’ಕ್ಕೆ ಹೋಗುತ್ತಾನೆ. ಆ ರಾಮಗಢ ನಮ್ಮ ರಾಮನಗರ. ಅದೇ ಚಿತ್ರದ ರೈಲು ದರೋಡೆಯನ್ನು ತೆಗೆದದ್ದು ದೂರದ ಪನ್ವೇಲ್ ಬಳಿ. ಹಳ್ಳಿಯ ಮನೆಗಳು ಬರೀ ಸೆಟ್ಟು, ಅವು ಹೋದವು. ಬಂಡೆ ಮಾತ್ರ ಉಳಿದು ಊರಿನ ಗುಟ್ಟು ಹೇಳುತ್ತಿವೆ.

ಹಾಗಾದರೆ ಬಾಗಲಕೋಟೆ ಜಿಲ್ಲೆಯನ್ನು ಗುರುತು ಹಿಡಿಯುವುದು ಹೇಗೆ? ಎರಡು ದಿನ ಬಿಡುವು ಮಾಡಿಕೊಂಡು ಬನ್ನಿ, ಆಮೇಲೆ ಹುಡುಗರಿಗೆ ನೀವೇ ಪಾಠ ಹೇಳಬಹುದು.

ಮೊದಲು ಬಾದಾಮಿ. ರಾಮನಗರದ್ದು ಗ್ರಾನೈಟ್, ಗುಂಡಗಿನ ಹೆಬ್ಬಂಡೆ. ಬಾದಾಮಿಯದು ಕೆಂಪು ಮರಳುಗಲ್ಲು. ಮರಳು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲಾದ್ದರಿಂದ ಗುಡ್ಡದ ಮೈಮೇಲೆ ಅಡ್ಡಗೆರೆ ಕಾಣುತ್ತವೆ, ರೊಟ್ಟಿ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ! ಉಳಿಗೆ ಒಗ್ಗುವ ಈ ಕಲ್ಲಿನಲ್ಲೇ ಚಾಲುಕ್ಯರು ನಾಲ್ಕು ಗುಹೆ ಕೊರೆಸಿದರು. ಒಂದನೆಯದರಲ್ಲಿ ಹದಿನೆಂಟು ಕೈಗಳ ನಟರಾಜ. ಮೂರನೆಯದರಲ್ಲಿ ಮಂಗಳೇಶನ ಕ್ರಿ.ಶ. 578ರ ಶಾಸನ. ಕೆಳಗೆ ಅಗಸ್ತ್ಯ ತೀರ್ಥ, ಅದರ ದಂಡೆಗೆ ಭೂತನಾಥನ ಗುಡಿ. ಕೆಂಪು ಗುಡ್ಡ, ನೀರು, ಗುಡಿ ಮೂರೂ ಒಟ್ಟಿಗೆ ಕಂಡರೆ ಕಣ್ಣು ಮುಚ್ಚಿ ‘ಬಾದಾಮಿ’ ಎನ್ನಿ.

ಅಲ್ಲಿಂದ ಪಟ್ಟದಕಲ್ಲಿನ ಮೇಲೆ ಹುನಗುಂದ ತಾಲ್ಲೂಕಿನ ಐಹೊಳೆಗೆ ಸುಮಾರು 35 ಕಿಲೋಮೀಟರು. ಹಿಂಬದಿ ಆನೆಯ ಬೆನ್ನಿನಂತೆ ಗುಂಡಗಿರುವ ದುರ್ಗಾ ಗುಡಿ ಇಲ್ಲಿಯ ಗುರುತು. ಈ ಹೆಸರು ದೇವಿಯಿಂದ ಬಂದದ್ದಲ್ಲ, ದುರ್ಗ ಎಂದರೆ ಕೋಟೆ, ಅದರಿಂದ ಬಂದದ್ದು. ಮೇಲೆ ಮೇಗುಟಿಯಲ್ಲಿ ಕ್ರಿ.ಶ. 634ರ ಶಾಸನವಿದೆ. ಹರ್ಷನನ್ನು ಸೋಲಿಸಿದ ಇಮ್ಮಡಿ ಪುಲಿಕೇಶಿಯನ್ನು ರವಿಕೀರ್ತಿ ಅದರಲ್ಲಿ ಕೊಂಡಾಡಿದ್ದಾನೆ. ಸೂಪರ್ ಹೀರೋ ಬೇಕೆನ್ನುವ ಮಕ್ಕಳನ್ನು ಇಲ್ಲಿಗೇ ಕರಕೊಂಡು ಬರ್ರಿ! ಬಿಸಿಲು ಜೋರು, ನೀರಿನ ಬಾಟಲಿ ಮರೆಯಬೇಡಿ. ಮುಂದೆ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳುವುದನ್ನೂ.

ಹುನಗುಂದ ದಾಟಿ ಇಳಕಲ್ಲಿಗೆ ಬಂದರೆ ಕಲ್ಲು ಬದಲಾಗುತ್ತದೆ. ಇಲ್ಲಿಯದು ಕೆಂಪು ಗ್ರಾನೈಟ್. ಒಂದೇ ಜಿಲ್ಲೆಯಲ್ಲಿ ಎರಡು ಬಗೆ! ಬರೀ ಬಣ್ಣ ನೋಡಿ ಊರು ಹೇಳುವವರು ಎಡವುವುದು ಇಲ್ಲೇ. ಇಳಕಲ್ಲಿನ ದೊಡ್ಡ ಗುರುತು ಸೀರೆ. ಅದರಲ್ಲಿ ನಾವು ಹೆಂಗಸರು ಯಾವ ಹುಡುಗರಿಗೂ ಸೋಲುವವರಲ್ಲ. ಕೆಂಪು ರೇಷ್ಮೆ ಸೆರಗಿನಲ್ಲಿ ಬಿಳಿಯ ಟೋಪ್ ತೆನಿ, ಅಗಲ ದಡಿ. ಮೈಯ ಹಾಸು ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸುವುದು ಇಲ್ಲಿಯ ನೇಕಾರರ ಕೈಚಳಕ. ಆದರೆ ಈ ಸೀರೆಯನ್ನು ಮಹಾರಾಷ್ಟ್ರದಲ್ಲೂ ಉಡುತ್ತಾರೆ, ಸೀರೆಯೊಂದನ್ನೇ ನಂಬಬೇಡಿ. ಅದರ ಜೋಡಿ ಗುಳೇದಗುಡ್ಡದ ಖಣದ ಕುಪ್ಪಸ ಇದೆಯೇ, ಹಿಂದೆ ಯಾವ ಕಲ್ಲು ಇದೆ, ಕೂಡಿಸಿ ನೋಡಿ.

ಕೊನೆಗೆ ಬಾಗಲಕೋಟೆ. ಇಲ್ಲಿ ಆಟ ಆಟವಾಗಿ ಉಳಿಯುವುದಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯಲ್ಲಿ ಏರಿದಾಗ ಹಳೆ ಊರಿನ ತಗ್ಗಿನ ಓಣಿಗಳು ನೀರು ಪಾಲಾದವು, ಸಾವಿರಾರು ಮನೆಯವರು ನವನಗರಕ್ಕೆ ಹೋದರು. ಶೋಲೆಯ ಜಾಗ ಹುಡುಕಿದವರಿಗೆ ರಾಮನಗರದ ಬಂಡೆಯಾದರೂ ಸಿಕ್ಕಿತು. ಮುಳುಗಿದ ಓಣಿಯ ಒಂದು ಪಟ ಸಿಕ್ಕರೆ ಹೊಂದಿಸಿ ನೋಡಲು ಅಲ್ಲಿ ಇರುವುದು ನೀರು. ‘ಇದು ನಮ್ಮ ಹಿತ್ತಲ ಕಟ್ಟಿ, ಇದು ಕಾಕೂನ ಮನಿ ಬಾಗಲಾ’ ಎಂದು ಬೆರಳಿಟ್ಟು ತೋರಿಸಬಲ್ಲವರು ಮನೆಯ ಅಜ್ಜಿಯರೇ. ಅವರಿಗೂ ವಯಸ್ಸಾಗುತ್ತಿದೆ.

ಆದ್ದರಿಂದ ಸೋದರಿಯರೇ, ಬಾಗಲಕೋಟೆ ಕಡೆಯ ನಂಟು ಇದ್ದವರು ಒಂದು ಕೆಲಸ ಮಾಡಿ. ಪೆಟ್ಟಿಗೆಯಲ್ಲಿನ ಮದುವೆ, ತೊಟ್ಟಿಲ, ಸೀಮಂತದ ಹಳೆಯ ಪಟಗಳನ್ನು ಹೊರಗೆ ತೆಗೆಯಿರಿ. ಅಜ್ಜಿಯ ಪಕ್ಕದಲ್ಲಿ ಆ ಸಿನಿಮಾ ಹುಡುಗರನ್ನೂ ಕೂಡಿಸಿ. ನಿಂತವರ ಹೆಸರಷ್ಟೇ ಸಾಲದು, ಹಿಂದಿನ ಗೋಡೆ ಯಾರದು, ಓಣಿ ಯಾವುದು ಎಂದು ಕೇಳಿ, ಪಟದ ಬೆನ್ನಿಗೆ ಮೆತ್ತನೆ ಪೆನ್ಸಿಲ್ಲಿನಿಂದ ಬರೆದಿಡಿ. ಪೆನ್ನಿನ ಶಾಯಿ ಈಚೆಗೆ ಒಸರುತ್ತದೆ, ಬೇಡ.