ಮಾಡಬೇಕಾದ ಕೆಲಸಗಳು

ಜಾವಾಸ್ಕ್ರಿಪ್ಟಿನ ಯಾವ ಫ್ರೇಮ್‌ವರ್ಕ್ ಕಲಿಯಲು ಕೂತರೂ ಮೊದಲು ಕಟ್ಟಿಸುವುದು ಟು-ಡು ಲಿಸ್ಟ್. ಸಂಗೀತಕ್ಕೆ ಸರಳೆ ವರಸೆ ಇದ್ದ ಹಾಗೆ. ಸೇರಿಸು, ಟಿಕ್ ಹಾಕು, ಅಳಿಸು: ಇಷ್ಟು ಬಂದರೆ ಮಿಕ್ಕಿದ್ದೆಲ್ಲ ಅದರ ವಿಸ್ತಾರ ಎನ್ನುತ್ತಾರೆ. ಹೀಗಾಗಿ ನನ್ನ ಹಳೇ ಹಾರ್ಡ್ ಡಿಸ್ಕಿನಲ್ಲಿ ಟು-ಡು ಲಿಸ್ಟುಗಳ ಒಂದು ವಂಶಾವಳಿಯೇ ಇದೆ.

ಹಿರಿಯದು ಜೆಕ್ವೆರಿಯದು. 'ಪಿಜಿ ಬಾಡಿಗೆ', 'ಊರಿಗೆ ಬಸ್ ಟಿಕೆಟ್' ಇತ್ಯಾದಿ. ಆಮೇಲಿನದು, ಗೂಗಲ್‌ನವರು 2010ರಲ್ಲಿ ಬಿಟ್ಟ ಆಂಗ್ಯುಲರ್‌ಜೆಎಸ್‌ನದು. ಮೇಲಿನ ಡಬ್ಬಿಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಹೋದರೆ ಕೆಳಗಿನ ಸಾಲಿನಲ್ಲಿ ಅದೂ ತಾನಾಗಿ ಮೂಡುತ್ತಿತ್ತು. ಎನ್‌ಜಿ-ಮಾಡೆಲ್ ಅಂತ ಒಂದು ಗುರುತು ಹಾಕಿದ್ದರೆ ಸಾಕು. ಜೆಕ್ವೆರಿಯಲ್ಲಿ ಪ್ರತಿಯೊಂದು ಬದಲಾವಣೆಯನ್ನೂ ಕೈಯಾರೆ ಮಾಡಿಕೊಂಡು ಬಂದವನಿಗೆ ಅದು ಶುದ್ಧ ಕಣ್ಕಟ್ಟು. ಸುಮ್ಮನೆ ಟೈಪ್ ಮಾಡಿ, ಅಳಿಸಿ, ಮತ್ತೆ ಟೈಪ್ ಮಾಡಿ ನೋಡುತ್ತಿದ್ದೆ.

2016ರಲ್ಲಿ ಆಂಗ್ಯುಲರ್ 2 ಬಂತು. ಹೆಸರಷ್ಟೇ ಹಳೆಯದು, ಒಳಗಿನ ಸಂಸಾರವೇ ಬೇರೆ. 2021ರ ಕೊನೆಗೆ ಹಳೆಯದಕ್ಕೆ ಬೆಂಬಲವೂ ನಿಂತಿತು. ಆ ಕಣ್ಕಟ್ಟಿನ ಹಿಂದಿದ್ದ, ನನಗೆ ಬಾಯಿಪಾಠವಾಗಿದ್ದ ಡೈಜೆಸ್ಟ್ ಸೈಕಲ್ಲನ್ನು ಈಗ ಯಾರಿಗೆ ಒಪ್ಪಿಸಲಿ? ಆದರೂ ಆ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಇವತ್ತಿಗೂ ತೆರೆದುಕೊಳ್ಳುತ್ತದೆ. ಬ್ರೌಸರುಗಳಿಗೆ ಹಳಬರ ಮೇಲೆ ದಾಕ್ಷಿಣ್ಯ ಜಾಸ್ತಿ. ಮಾದರಿಗೆಂದು ಕೋಡಿನಲ್ಲೇ ಬರೆದಿಟ್ಟ ಸಾಲು ಹಾಗೇ ಇದೆ: 'ಅಪ್ಪನ ಕನ್ನಡಕಕ್ಕೆ ಹೊಸ ಫ್ರೇಮ್'. ಟಿಕ್ ಇಲ್ಲ. ಅಪ್ಪನೂ ಇಲ್ಲ.

ರಿಯಾಕ್ಟ್ 2013ರಲ್ಲಿ ಬಂದಾಗ, ಜಾವಾಸ್ಕ್ರಿಪ್ಟಿನೊಳಗೇ ಎಚ್‌ಟಿಎಂಎಲ್‌ನಂಥದ್ದನ್ನು ಬರೆಯುವ ಅದರ ಮಡಿಗೆಟ್ಟ ಪದ್ಧತಿ ನೋಡಿ ಮೂಗು ಮುರಿದವರು ಬಹಳ ಜನ. ಆಮೇಲೆ ಕೆಲಸಗಳೆಲ್ಲ ಅತ್ತಲೇ ಹರಿದವು, ನಾವೂ ಹರಿದೆವು. ಅಲ್ಲಿ ಪಟ್ಟಿಯ ಪ್ರತಿ ಸಾಲಿಗೂ ಒಂದು 'ಕೀ' ಕೊಡಬೇಕು. ಕೊಡದಿದ್ದರೆ ಕನ್ಸೋಲಿನಲ್ಲಿ ಗದರುತ್ತದೆ. ಕ್ರಮಸಂಖ್ಯೆಯನ್ನೇ ಕೀ ಮಾಡಿದರೆ ಗದರುವುದು ನಿಂತು ಅವಾಂತರ ಶುರುವಾಗುತ್ತದೆ. ಟಿಕ್ಕಿನ ಲೆಕ್ಕವನ್ನು ಬ್ರೌಸರಿಗೇ ಬಿಟ್ಟಿದ್ದೀರಿ ಅನ್ನಿ. ಟಿಕ್ ಆದ 'ಹಾಲು' ಅಳಿಸಿದ ಕೂಡಲೇ ಕೆಳಗಿದ್ದ 'ಕರೆಂಟ್ ಬಿಲ್' ಮೇಲೇರಿ ಆ ಟಿಕ್ಕನ್ನು ತಾನೇ ಹಾಕಿಕೊಂಡು ಕೂರುತ್ತದೆ. ಯಾಕೆಂದರೆ ರಿಯಾಕ್ಟಿಗೆ ಗೊತ್ತಿರುವುದು ಮೊದಲನೇ ಜಾಗವೇ ಹೊರತು ಅಲ್ಲಿ ಕೂತವರು ಯಾರೆಂದಲ್ಲ. ಕಟ್ಟದೆಯೇ ಬಿಲ್ ತೀರಿತು! ಲೈನ್‌ಮನ್ ಮಾತ್ರ ಇದನ್ನು ಒಪ್ಪುವುದಿಲ್ಲ.

ರಿಯಾಕ್ಟಿನಲ್ಲೂ ಕಲಿತದ್ದು ನಿಲ್ಲಲಿಲ್ಲ: 2019ರಲ್ಲಿ ಹುಕ್ಸ್ ಬಂದು ಕ್ಲಾಸುಗಳು ಮೂಲೆ ಸೇರಿದವು. ಹೊಸಬರೆಲ್ಲ ನೆಚ್ಚಿಕೊಂಡಿದ್ದ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ಗೆ 2025ರಲ್ಲಿ ರಿಯಾಕ್ಟ್ ತಂಡದವರೇ ನಮಸ್ಕಾರ ಹೇಳಿದರು.

ಮೊನ್ನೆ ಸ್ವೆಲ್ಟ್ ಕಲಿಯೋಣವೆಂದು ಕೂತು 'ಟೊಮೇಟೊ', 'ಕೊತ್ತಂಬರಿ ಸೊಪ್ಪು' ಸೇರಿಸಿ ಎರಡಕ್ಕೂ ಟಿಕ್ ಹಾಕಿ ನೋಡುತ್ತಿದ್ದೆ. ಹೆಂಡತಿ ಹಿಂದಿನಿಂದ ಇಣುಕಿದಳು.

"ಪರವಾಗಿಲ್ವೇ, ತಂದೂ ಆಯ್ತಾ? ಎಲ್ಲಿಟ್ರಿ?"

"ಅದು ಸ್ಯಾಂಪಲ್ ಡೇಟಾ ಕಣೇ."

"ಸರಿ. ರಾತ್ರಿ ಸಾರೂ ಸ್ಯಾಂಪಲ್ಲೇ."

ಚೀಲ ಹಿಡಿದು ಹೊರಟೆ.