ಬಾಗಿಲ ಹಿಂದಿನ ಜೇಡ

ದಾಂಡೇಲಿಗೆ ಬಂದವರು ಮಂಗಟ್ಟೆ ಹಕ್ಕಿ ನೋಡಲು ಕತ್ತೆತ್ತಿ ನಿಲ್ಲುತ್ತಾರೆ. ಅದೇ ಊರಿನ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಮಾತ್ರ ಬಾಗಿಲ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ದೀಪಾವಳಿಯ ಸುಣ್ಣಕ್ಕೆ ಮುನ್ನ ಗೋಡೆ ಗುಡಿಸಲು ಅವ್ವ ಕಸಬರಿಗೆ ಎತ್ತಿದ್ದಳು.

“ಅವ್ವಾ, ತಡಿ. ಇರುವಿ ಸುತ್ತ ಗಿರಕಿ ಹೊಡ್ಯಾಕತ್ತೈತಿ ನೋಡು!”

ಗೋಡೆಯ ಬಿರುಕಿನ ಮೇಲೆ ಅಂಚೆಚೀಟಿಯಷ್ಟು ಬಿಳಿ ಬಲೆ. ಅದರಡಿಯಲ್ಲಿ ಸಾಸಿವೆ ಕಾಳಿನಷ್ಟು ಜೇಡ. ಇದರ ಕುಲಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಈಕೋಬಿಯಸ್. ಗ್ರೀಕ್ ಮೂಲದ ಈ ಹೆಸರಿಗೆ ಮನೆಯಲ್ಲಿ ಬಾಳುವುದು ಎಂದರ್ಥ. ದೊಡ್ಡದಾದರೂ ಎರಡು ಮೂರು ಮಿಲಿಮೀಟರ್ ಅಷ್ಟೇ. ಇರುವೆಯೊಂದು ಬಲೆ ತುಳಿದರೆ ಸಾಕು, ಹೊರಗೆ ಓಡಿಬಂದು, ಬೆನ್ನು ತಿರುಗಿಸಿಕೊಂಡು ಅದರ ಸುತ್ತ ಓಡುತ್ತಲೇ ದಾರ ಸುತ್ತುತ್ತದೆ. ಹಿಂಬದಿಯ ಕೂದಲಿನ ಕುಚ್ಚು ಆ ನೂಲನ್ನು ಬಾಚಿ ಹರಡುತ್ತದೆ. ಕಟ್ಟಿಹಾಕಿದ ಮೇಲೆಯೇ ಕಚ್ಚುವುದು. ತನಗಿಂತ ದೊಡ್ಡ ಇರುವೆಯ ಮುಂದೆ ಆ ಜಾಣತನ ಬೇಕೇ ಬೇಕಲ್ಲ!

ಈ ಕುಲದ ಒಂದು ಜಾತಿಗೆ 1962ರಲ್ಲಿ ಜೇಡತಜ್ಞ ಬಿ. ಕೆ. ಟಿಕಾದರ್ ‘ಮರಾಥಾಸ್’ ಎಂದು ಹೆಸರಿಟ್ಟರು. ಹೆಸರಿನಲ್ಲೇ ನೆರೆಯ ಮರಾಠಿ ನಾಡಿದೆ. ಆದರೆ ಅದೀಗ ಆಸ್ಟ್ರೇಲಿಯ, ಅಮೆರಿಕಗಳ ಗೋಡೆಗಳಲ್ಲೂ ಇದೆ. ಇನ್ನೊಂದು ಜಾತಿ ‘ನಾವಸ್’ಗೆ 1859ರಲ್ಲಿ ಹೆಸರು ಸಿಕ್ಕಿತು, ಅದೂ ನ್ಯೂಜಿಲೆಂಡ್‌ವರೆಗೆ ಹರಡಿದೆ. ರೆಕ್ಕೆಯಿಲ್ಲದ ಪ್ರಾಣಿಗೆ ಇಷ್ಟು ದೂರ ಹೇಗೆ? ಸಾಮಾನಿನ ಪೆಟ್ಟಿಗೆಗಳ ಸಂದಿಯೂ ಅದಕ್ಕೆ ಗೋಡೆಯ ಬಿರುಕೇ. ನಾವು ಹೊತ್ತು ಒಯ್ದೆವು, ಅದು ಕೂತಿತ್ತು. ಬರಿಗಣ್ಣಿಗೆ ಈ ಜಾತಿಗಳೆಲ್ಲ ಒಂದೇ ಥರ. ಬೇರ್ಪಡಿಸಲು ಸೂಕ್ಷ್ಮದರ್ಶಕ ಬೇಕು.

ಹೊರಗಿನಿಂದ ಬಂದದ್ದೆಲ್ಲ ಒಂದೇ ಅಲ್ಲ. ಅಮೆರಿಕದಿಂದ ಚೆಂದದ ಹೂವೆಂದು ತಂದ ಲಂಟಾನ ನಮ್ಮ ಕಾಡುಗಳಲ್ಲಿ ಹುಲ್ಲಿಗೂ ಜಾಗ ಬಿಡದಂತೆ ಹಬ್ಬಿದೆ. ಈ ಜೇಡ ಹೋದಲ್ಲೆಲ್ಲ ಹೆಚ್ಚಾಗಿ ಹಿಡಿದದ್ದು ಮನುಷ್ಯರ ಗೋಡೆಯನ್ನು. ಮನುಷ್ಯರಿಗೆ ಅದರಿಂದ ಅಪಾಯವಿಲ್ಲ.

ಕಸಬರಿಗೆ ಕೆಳಗಿಳಿಯಿತು. “ಇರುವಿ ತಿಂತೈತೇನು?” ಎಂದಳು ಅವ್ವ. ಸಕ್ಕರೆ ಡಬ್ಬಿ ಅವಳ ನೆನಪಿಗೆ ಬಂದಿರಬೇಕು. “ಹಂಗಾದ್ರ ಇರ್ಲಿ ಬಿಡು.”

ಹಬ್ಬಕ್ಕೆ ಮನೆಯೆಲ್ಲ ಸುಣ್ಣ ಕಂಡಿತು. ಬಾಗಿಲ ಹಿಂದಿನ ಒಂದು ಗೇಣು ಗೋಡೆ ಮಾತ್ರ ಹಳೆಯ ಬಣ್ಣದಲ್ಲೇ ಉಳಿಯಿತು.